ಹಾಲ್‌ನ ಗುಮ್ಮು ಇಳಿಸಿ, ತಂಬೂರಿ ಕೇಳಿಸಿ: ಮನೆಯ ಸೆಟ್ಟಿಗೆ ಡಿಎಸ್‌ಪಿ

ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳಲ್ಲಿ ಮನೆಯ ಹಾಲ್ ಹೆಚ್ಚುಕಡಿಮೆ ಒಂದೇ ನಮೂನೆ. ಆರ್‌ಸಿಸಿ ಛತ್ತು, ನುಣುಪಾದ ಟೈಲ್ಸ್ ನೆಲ, ಪುಟ್ಟಿ ಹಚ್ಚಿದ ಬರಿ ಗೋಡೆ, ಗೋಡೆಗೆ ಆನಿಸಿದ ದಿವಾನ. ಅಲ್ಲಿ ಎಷ್ಟೇ ದುಡ್ಡು ಸುರಿದು ಸ್ಪೀಕರ್ ತಂದಿಟ್ಟರೂ ತಬಲಾದ ಎಡಗೈ ವಾದ್ಯ ಡಗ್ಗಾದ ಒಂದು ಪೆಟ್ಟು ಗುಮ್ಮೆಂದು ಉಬ್ಬುತ್ತದೆ, ಅದರ ಪಕ್ಕದ ಪೆಟ್ಟು ಕೇಳಿಸುವುದೇ ಇಲ್ಲ. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಗೋಡೆಗೆ ಬಡಿದು ತಗಡಿನ ಸದ್ದಾಗುತ್ತದೆ. ಹಳೆಯ ಹಂಚಿನ ಮನೆಯಲ್ಲಿ ಈ ಕಾಟ ಕಡಿಮೆ, ಏಕೆಂದರೆ ಕೆಳದನಿಯ ಒಂದಷ್ಟು ಪಾಲು ಹಂಚಿನ ಮೂಲಕ ಹೊರಗೆ ಸೋರಿಹೋಗುತ್ತದೆ. ಕಾಂಕ್ರೀಟು ಅದನ್ನು ಹೊರಗೆ ಬಿಡುವುದಿಲ್ಲ.

ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಅಂದರೆ ಹಾಡು ಆಂಪ್ಲಿಫೈಯರಿಗೆ ಹೋಗುವ ಮೊದಲೇ, ಅಂಕಿಗಳ ರೂಪದಲ್ಲಿರುವಾಗಲೇ, ಲೆಕ್ಕ ಹಾಕಿ ತಿದ್ದುವುದು. ಇದಕ್ಕೆ ದುಬಾರಿ ಪೆಟ್ಟಿಗೆ ಬೇಕೆಂದಿಲ್ಲ, ಹಳೆಯ ಲ್ಯಾಪ್‌ಟಾಪ್ ಸಾಕು. ಆದರೆ ಅದಕ್ಕೆ ಯಾವ ಕೆಲಸ ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎನ್ನುವುದು ಮೊದಲೇ ಗೊತ್ತಿರಬೇಕು. ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ಉಬ್ಬುಗಳನ್ನು ಇಳಿಸುವುದು ಅದರ ಕೆಲಸ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವ ಅಳತೆ). ಪ್ರತಿಧ್ವನಿ ಅದರ ಕೈಯಲ್ಲಿಲ್ಲ, ಅದಕ್ಕೆ ಕೌದಿ, ಗಾದಿ, ಪುಸ್ತಕದ ಕಪಾಟು ಬೇಕು. ಈ ಎರಡನ್ನೂ ದನಿಯ ಬೇರೆ ಬೇರೆ ಪಟ್ಟಿಗಳನ್ನು ಏರಿಸಿ ಇಳಿಸುವ ಒಂದೇ ಈಕ್ವಲೈಜರ್‌ನಿಂದ ಮಾಡಲು ಹೋದವರ ಸೆಟ್ಟು ಮೊದಲಿಗಿಂತ ಕೆಡುತ್ತದೆ.

ಮೊದಲು ಟೇಪು ಹಿಡಿಯಿರಿ

ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ನಿಂತುಬಿಡುತ್ತವೆ. ಯಾವುವು ಎಂದು ತಿಳಿಯಲು 563ನ್ನು ಅಡಿಗಳಿಂದ ಭಾಗಿಸಿ. ಹಾಲ್ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ ಇದೆ ಎನ್ನಿ. ಉದ್ದಕ್ಕೆ 35 ಹರ್ಟ್ಸ್ ಮತ್ತು ಅದರ ದುಪ್ಪಟ್ಟು 70, ಅಗಲಕ್ಕೆ 47 ಮತ್ತು 94, ಎತ್ತರಕ್ಕೆ 56. ಉಬ್ಬು ಬರುವುದು ಹೆಚ್ಚಾಗಿ ಇವುಗಳ ಆಸುಪಾಸಿನಲ್ಲೇ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಾದರೆ ಮೂರೂ 56ರಲ್ಲೇ ಕೂಡಿಬೀಳುತ್ತವೆ. ಸಂಗೀತಕ್ಕೆ ಅದಕ್ಕಿಂತ ಕೆಟ್ಟ ಕೋಣೆ ಇಲ್ಲ. ಬೇರೆ ಕೋಣೆ ಇದ್ದರೆ ಸೆಟ್ಟನ್ನು ಅಲ್ಲಿಗೆ ಒಯ್ಯಿರಿ.

ಈ 70ರ ಮೇಲೆ ಕಣ್ಣಿಡಲು ಕಾರಣವಿದೆ. ಗಾಯಕರ ಷಡ್ಜ ಹಾರ್ಮೋನಿಯಂನ ಕಾಳಿ ಒಂದು, ಅಂದರೆ ಸಿ ಶಾರ್ಪ್ ಆಗಿದ್ದರೆ, ತಂಬೂರಿಯ ಅತಿ ಕೆಳದನಿಯ ಖರ್ಜ ತಂತಿ 69.3 ಹರ್ಟ್ಸ್‌ನಲ್ಲಿ ನುಡಿಯುತ್ತದೆ. 16 ಅಡಿ ಹಾಲ್ ಆ ಒಂದೇ ತಂತಿಯನ್ನು ಹಿಡಿದು ಉಬ್ಬಿಸುತ್ತದೆ. ಡಗ್ಗಾದ ಗುಂಕಾರವೂ ಅಲ್ಲೇ ಓಡಾಡುವುದರಿಂದ ಮೀಂಡ್ ಹಾಕಿದಾಗ (ಅಂಗೈ ಒತ್ತಿ ದನಿ ಜಾರಿಸಿದಾಗ) ದನಿ ಆ ಜಾಗಕ್ಕೆ ಬಂದ ಕೂಡಲೇ ಕಿಟಕಿಯ ಗಾಜು ಜುಮ್ ಎನ್ನುತ್ತದೆ.

ಕೂರುವ ಜಾಗದಿಂದಲೇ ಅರ್ಧ ಕೆಲಸ ಆಗುತ್ತದೆ. ಗೋಡೆಗೆ ತಲೆ ಆನಿಸಿ ಕುಳಿತರೆ ಉದ್ದಕ್ಕೆ ನಿಲ್ಲುವ ಸ್ವರಗಳೆಲ್ಲ ಪೂರ್ತಿ ಜೋರಿನಲ್ಲಿ ಕಿವಿಗೆ ಬೀಳುತ್ತವೆ. ಹಾಲ್‌ನ ನಟ್ಟನಡುವೆ ಕುಳಿತರೆ 35 ಮಾಯ, 70 ಪೂರ್ತಿ ಜೋರು. ಹಿಂದಿನ ಗೋಡೆಯಿಂದ ನಾಲ್ಕಡಿಯಲ್ಲಿ ಕುಳಿತರೆ 70 ಮಾಯ. 16 ಅಡಿಯ ಹಾಲ್‌ನಲ್ಲಿ ಸುಮಾರು ಆರಡಿ ಮುಂದಕ್ಕೆ ಬಂದರೆ ಎರಡೂ ಒಂದು ಹದಕ್ಕೆ ಬರುತ್ತವೆ. ಮನೆಯವರು ಹಾಲ್‌ನ ನಡುವೆ ದಿವಾನ ಇಡಲು ಒಪ್ಪುವುದಿಲ್ಲ ಎನ್ನುವುದು ಬೇರೆ ಮಾತು. ಅಂಥಲ್ಲಿ ಕೇಳುವ ಹೊತ್ತಿಗೆ ಒಂದು ಕುರ್ಚಿ ಎಳೆದುಕೊಳ್ಳಿ, ಅಳತೆಯನ್ನೂ ಆ ಕುರ್ಚಿಯಲ್ಲೇ ಮಾಡಿ.

ಸ್ಪೀಕರಿನ ಹಿಂದಿನ ಗೋಡೆಯಿಂದ ಇನ್ನೊಂದು ತಂಟೆ ಬರುತ್ತದೆ. ಗೋಡೆಗೆ ಬಡಿದು ಮರಳಿದ ದನಿ ನೇರ ದನಿಗೆ ಎದುರಾಗಿ ಅದನ್ನು ಅಳಿಸಿಹಾಕುತ್ತದೆ. ಅದು ಎಲ್ಲಿ ಎಂದು ತಿಳಿಯಲು 281ನ್ನು ಗೋಡೆಯಿಂದ ಸ್ಪೀಕರಿನ ಮುಖಕ್ಕಿರುವ ಅಡಿಗಳಿಂದ ಭಾಗಿಸಿ. ಮೂರಡಿ ಇದ್ದರೆ 94 ಹರ್ಟ್ಸ್, ಎರಡಡಿ ಇದ್ದರೆ 140. ಅಲ್ಲಿ ಗುಂಡಿ ಬಿದ್ದಿರುತ್ತದೆ. ಈ ಗುಂಡಿಯನ್ನು ಡಿಎಸ್‌ಪಿಯಿಂದ ತುಂಬಲು ಹೋಗಬೇಡಿ. 10 ಡೆಸಿಬಲ್ (ದನಿಯ ಜೋರಿನ ಅಳತೆ) ಏರಿಸಿದರೆ ಆಂಪ್ಲಿಫೈಯರಿನಿಂದ ಹತ್ತು ಪಟ್ಟು ವಾಟ್ ಬೇಕಾಗುತ್ತದೆ, ಗೋಡೆಯಿಂದ ಮರಳುವ ದನಿಯೂ ಅಷ್ಟೇ ಏರುವುದರಿಂದ ಗುಂಡಿ ಇದ್ದಲ್ಲೇ ಇರುತ್ತದೆ. ಸ್ಪೀಕರನ್ನು ಅರ್ಧ ಅಡಿ ಹಿಂದೆ ಮುಂದೆ ಸರಿಸಿ ನೋಡುವುದೊಂದೇ ಇದಕ್ಕೆ ದಾರಿ.

ಕೌದಿಯ ಕೆಲಸ ಕೌದಿಗೆ

ಕೂರುವ ಜಾಗದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಝರ್ ಎಂದು ಸದ್ದು ಉಳಿದರೆ ಎರಡು ಬರಿ ಗೋಡೆಗಳ ನಡುವೆ ದನಿ ಚೆಂಡಾಡುತ್ತಿದೆ. ಸ್ಪೀಕರಿಗೂ ಕುರ್ಚಿಗೂ ನಡುವಿನ ನೆಲಕ್ಕೆ ಜಮಖಾನೆ ಹಾಸಿ. ನವಲಗುಂದದ ಜಮಖಾನೆ ನೋಡಲು ಚೆಂದ, ಆದರೆ ತೆಳುವಾದ ಹತ್ತಿ ನೇಯ್ಗೆ ತೀರ ಮೇಲಿನ ದನಿಯನ್ನಷ್ಟೇ ಹೀರುತ್ತದೆ. ಅದರ ಕೆಳಗೆ ಹಳೆಯ ಗಾದಿ ಹಾಸಿದರೆ ಕೆಲಸ ಇನ್ನಷ್ಟು ಕೆಳಗಿನವರೆಗೆ ಇಳಿಯುತ್ತದೆ. ಗೋಡೆಗೆ ಎರಡು ಪದರಿನ ಕೌದಿ ತೂಗುಹಾಕುವಾಗ ಗೋಡೆಗೆ ಅಂಟಿಸಬೇಡಿ, ಕೋಲಿಗೆ ಕಟ್ಟಿ ಮೂರು ನಾಲ್ಕು ಇಂಚು ಮುಂದೆ ಇರಲಿ. ಹಿಂದಿನ ಗಾಳಿಯೂ ಹೀರುವ ಕೆಲಸಕ್ಕೆ ಬರುತ್ತದೆ. ಎಡಬಲ ಗೋಡೆಗಳಲ್ಲಿ ಎಲ್ಲಿ ಹಾಕಬೇಕೆಂದು ತಿಳಿಯಲು ನೀವು ಕುರ್ಚಿಯಲ್ಲಿ ಕುಳಿತು ಇನ್ನೊಬ್ಬರಿಂದ ಗೋಡೆಯ ಮೇಲೆ ಕನ್ನಡಿ ಸರಿಸಿಸಿ, ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಕೌದಿಯ ಜಾಗ.

ಅಳತೆಯ ಸಾಮಾನು

ಲ್ಯಾಪ್‌ಟಾಪಿಗೆ ರೂಮ್ ಈಕ್ಯೂ ವಿಜರ್ಡ್ ಎಂಬ ಪುಕ್ಕಟೆ ತಂತ್ರಾಂಶ, ಅದಕ್ಕೆ ಯುಎಸ್‌ಬಿಯಲ್ಲಿ ಸೇರುವ ಅಳತೆಯ ಮೈಕು. ಯುಮಿಕ್-1 ಈ ಕೆಲಸಕ್ಕೆಂದೇ ಇರುವ ಮೈಕು. ಪ್ರತಿ ಮೈಕಿನ ಸೀರಿಯಲ್ ನಂಬರಿಗೆ ತಕ್ಕ ತಿದ್ದುಪಡಿ ಫೈಲ್ ತಯಾರಕರ ತಾಣದಲ್ಲಿ ಸಿಗುತ್ತದೆ, ಅದನ್ನು ಇಳಿಸಿಕೊಂಡು ತಂತ್ರಾಂಶಕ್ಕೆ ಕೊಡಿ. ಮೊಬೈಲಿನ ಮೈಕು ಮಾತಿಗೆಂದು ಮಾಡಿದ್ದು. ಅನೇಕ ಫೋನುಗಳು ಗಾಳಿಯ ಸದ್ದು ಬಾರದಿರಲೆಂದು ಕೆಳದನಿಯನ್ನು ತಾವಾಗಿಯೇ ಕತ್ತರಿಸುತ್ತವೆ. ನಮಗೆ ಬೇಕಾದ ಜಾಗದಲ್ಲೇ ಅದು ಕುರುಡು. ಮೈಕಿಗೆ ಕ್ಯಾಮೆರಾ ಸ್ಟ್ಯಾಂಡ್ ಇರಲಿ, ದಿಂಬಿನ ಮೇಲೆ ಇಡುವುದು ಬೇಡ.

ಲ್ಯಾಪ್‌ಟಾಪಿನಿಂದ ಸೆಟ್ಟಿಗೆ ವೈರಿನಲ್ಲೇ ಜೋಡಿಸಿ. ಹೋಮ್ ಥಿಯೇಟರ್ ಇದ್ದರೆ ಆಕ್ಸ್‌ಗೆ ಕೊಟ್ಟು ಬೇಸ್ ಬೂಸ್ಟ್, ಸರೌಂಡ್, ತ್ರೀಡಿ ಮುಂತಾದ ಎಲ್ಲ ಬಟನ್ನುಗಳನ್ನು ಬಂದ್ ಮಾಡಿ, ಬೇಸ್ ಮತ್ತು ಟ್ರೆಬಲ್ ನಡುವಿಗೆ ತನ್ನಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಎನ್‌ಹಾನ್ಸ್‌ಮೆಂಟ್ ಎಂದು ಏನಾದರೂ ಚಾಲೂ ಇದ್ದರೆ ಅಳತೆ ಮುಗಿಯುವವರೆಗೆ ಅದನ್ನೂ ಬಂದ್ ಮಾಡಿ. ಒಂದರ ಮೇಲೊಂದು ತಿದ್ದುಪಡಿ ಕುಳಿತರೆ ಯಾವುದು ಯಾರ ಕೆಲಸ ಎಂದು ಗೊತ್ತಾಗದು.

ಅಳೆಯುವುದು

ರಾತ್ರಿ ಓಡಾಟ ನಿಂತ ಮೇಲೆ ಅಳೆಯುವುದು ಒಳ್ಳೆಯದು. ಸೀಲಿಂಗ್ ಫ್ಯಾನ್ ಆರಲೇಬೇಕು, ಅದರ ಗಾಳಿಯ ಸದ್ದು ಕೆಳದನಿಯ ಅಳತೆಯನ್ನೇ ಮುಚ್ಚುತ್ತದೆ. ಬಾಗಿಲು ಕಿಟಕಿಗಳು ನೀವು ಸಂಗೀತ ಕೇಳುವಾಗ ಹೇಗಿರುತ್ತವೋ ಹಾಗೆಯೇ ಇರಲಿ. ಅಡಿಗೆಮನೆಯ ಬಾಗಿಲು ತೆರೆದರೆ ಕೆಳಗಿನ ಉಬ್ಬುಗಳ ಜಾಗವೇ ಬದಲಾಗುತ್ತದೆ.

ಮೈಕು ಕಿವಿಯ ಎತ್ತರಕ್ಕಿರಲಿ. ದನಿಯ ಮಟ್ಟವನ್ನು ಸುಮಾರು 75 ಡೆಸಿಬಲ್‌ಗೆ ಇಟ್ಟು, 20ರಿಂದ 20,000 ಹರ್ಟ್ಸ್‌ವರೆಗಿನ ಸ್ವೀಪ್ ಓಡಿಸಿ. ಆರು ಸೆಕೆಂಡಿನಷ್ಟು ಹೊತ್ತು ಊಳಿಟ್ಟಂತೆ ಒಂದು ದನಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಅಷ್ಟೇ. ವಾಲ್ಯೂಮ್ ಅದಕ್ಕಿಂತ ತೀರ ಏರಿಸಬೇಡಿ, ಮೇಲುದನಿಯ ಸಣ್ಣ ಸ್ಪೀಕರ್ ಆದ ಟ್ವೀಟರ್ ಸುಟ್ಟೀತು. ಎಡ ಸ್ಪೀಕರ್ ಬೇರೆ, ಬಲ ಬೇರೆ. ಆಮೇಲೆ ಮೈಕನ್ನು ಒಂದೊಂದು ಅಡಿ ಅತ್ತಿತ್ತ, ಮೇಲೆ ಕೆಳಗೆ ಸರಿಸಿ ಒಟ್ಟು ಐದಾರು ಜಾಗದಲ್ಲಿ ಅಳೆದು ಆರ್‌ಎಂಎಸ್ ಸರಾಸರಿ ತೆಗೆಯಿರಿ. ಒಂದೇ ಬಿಂದುವಿನ ಅಳತೆಗೆ ತಿದ್ದಿದರೆ ತಲೆ ಅಲ್ಲಾಡಿಸಿದರೂ ಸದ್ದು ಬದಲಾಗುತ್ತದೆ.

ಗ್ರಾಫ್ ಮೊದಲು ನೋಡಿದವರಿಗೆ ಗಾಬರಿಯಾಗುವುದು ಸಹಜ, ಗರಗಸದ ಹಲ್ಲಿನ ಹಾಗೆ ಇರುತ್ತದೆ. ಆ ಹಲ್ಲುಗಳನ್ನು ಸವರುವ ಸ್ಮೂದಿಂಗ್ ಸೆಟ್ಟಿಂಗನ್ನು 1/12 ಆಕ್ಟೇವ್‌ಗೆ ಇಟ್ಟು 300ರ ಕೆಳಗೆ ಮಾತ್ರ ನೋಡಿ. 300ರ ಮೇಲಿನ ಹಲ್ಲುಗಳು ಗೋಡೆ, ಮೇಜು, ನೆಲದಿಂದ ಮರಳಿದ ದನಿಗಳ ಗೊಂದಲ. ಕಿವಿ ಅವನ್ನು ನೇರ ದನಿಯಿಂದ ಬೇರ್ಪಡಿಸಿ ಕೇಳುತ್ತದೆ, ಮೈಕಿಗೆ ಅದು ಬಾರದು. ಅಲ್ಲಿ ಸಣ್ಣ ಸಣ್ಣ ಹಲ್ಲುಗಳನ್ನು ನೆಟ್ಟಗೆ ಮಾಡಲು ಹೋದರೆ ಸ್ಪೀಕರಿನ ಸ್ವಂತ ದನಿಯೇ ಸೊಟ್ಟಗಾಗುತ್ತದೆ.

ಫಿಲ್ಟರ್ ಹಾಕುವುದು

ತಂತ್ರಾಂಶದ ಈಕ್ಯೂ ಕಿಟಕಿಯಲ್ಲಿ ತಿದ್ದುವ ವ್ಯಾಪ್ತಿ ನಿಮ್ಮ ಸ್ಪೀಕರ್ ಇಳಿಯುವಲ್ಲಿಂದ 300ರವರೆಗೆ. ಐದು ಇಂಚಿನ ಸ್ಪೀಕರಿಗೆ 50-60ರಿಂದ ಶುರು ಮಾಡಿದರೆ ಸಾಕು, ಅದರ ಕೆಳಗೆ ಅದಕ್ಕೆ ಉಸಿರಿಲ್ಲ. ಬೂಸ್ಟ್ ಕೇಳುವ ಎರಡೂ ಕಡೆ ಸೊನ್ನೆ ಹಾಕಿ. ಈ ಸೊನ್ನೆಯೇ ಇಡೀ ಕೆಲಸದ ಜೀವಾಳ. ಆಮೇಲೆ ಲೆಕ್ಕ ಹಾಕಲು ಬಿಟ್ಟರೆ ಅದು ಫಿಲ್ಟರುಗಳ ಪಟ್ಟಿ ಕೊಡುತ್ತದೆ. ನಾಲ್ಕೈದು ಇದ್ದರೆ ಸಾಕು, ಹದಿನೈದು ಕೊಟ್ಟರೆ ಒಂದೆರಡು ಡೆಸಿಬಲ್‌ನ ಪುಡಿಗಳನ್ನು ತೆಗೆದುಹಾಕಿ.

16 ಅಡಿ ಹಾಲ್‌ನಲ್ಲಿ ದೊಡ್ಡ ಸ್ಪೀಕರ್ ಇದ್ದರೆ ಪಟ್ಟಿ ಹೀಗಿರಬಹುದು: 47 ಹರ್ಟ್ಸ್‌ಗೆ ಮೈನಸ್ 4 ಡೆಸಿಬಲ್, ಕ್ಯೂ 6. 56ಕ್ಕೆ ಮೈನಸ್ 5, ಕ್ಯೂ 5. 70ಕ್ಕೆ ಮೈನಸ್ 8, ಕ್ಯೂ 7. ಕ್ಯೂ ಅಂದರೆ ಫಿಲ್ಟರ್ ಎಷ್ಟು ಸಪೂರ ಎನ್ನುವ ಅಳತೆ. 70ನ್ನು 7ರಿಂದ ಭಾಗಿಸಿದರೆ 10, ಅಂದರೆ 65ರಿಂದ 75ರವರೆಗಿನ ಪಟ್ಟಿಯಷ್ಟೇ ಅದರ ಮುಖ್ಯ ಹಿಡಿತಕ್ಕೆ ಸಿಗುತ್ತದೆ. ಹತ್ತು ಕಡ್ಡಿಯ ಗ್ರಾಫಿಕ್ ಈಕ್ವಲೈಜರ್ ಈ ಕೆಲಸಕ್ಕೆ ಬಾರದಿರುವುದು ಇದಕ್ಕೇ. ಅದರಲ್ಲಿ 62ರ ಕಡ್ಡಿ ಇಳಿಸಿದರೆ 45ರಿಂದ 90ರವರೆಗೂ ಎಲ್ಲ ಕೆಳಗಿಳಿದು ಡಗ್ಗಾ ಟೊಳ್ಳಾಗುತ್ತದೆ, ಉಬ್ಬು ಮಾತ್ರ ಹಾಗೇ ಎದ್ದು ಕಾಣುತ್ತದೆ.

ಕ್ಯೂ 10 ದಾಟಿಸಬೇಡಿ. ದನಿಯ ವೇಗ ಬಿಸಿಲಿನೊಂದಿಗೆ ಏರುತ್ತದೆ. ಡಿಸೆಂಬರಿನ 20 ಡಿಗ್ರಿಯಲ್ಲಿ 70ರಲ್ಲಿದ್ದ ಉಬ್ಬು ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಗೆ 72ಕ್ಕೆ ಸರಿದಿರುತ್ತದೆ. ಸೂಜಿಯಂಥ ಫಿಲ್ಟರ್ ಹಾಕಿದ್ದರೆ ಅದು ಗುರಿ ತಪ್ಪುತ್ತದೆ.

ವಿಂಡೋಸ್‌ನಲ್ಲಿ ಇವನ್ನು ಚಾಲೂ ಮಾಡುವುದು ಈಕ್ವಲೈಜರ್ ಎಪಿಒ, ಇದೂ ಪುಕ್ಕಟೆ. ಇನ್‌ಸ್ಟಾಲ್ ಮಾಡುವಾಗ ನಿಮ್ಮ ಸೌಂಡ್ ಡಿವೈಸ್‌ಗೆ ಟಿಕ್ ಹಾಕಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಅಳತೆಯ ತಂತ್ರಾಂಶದಿಂದ ಫಿಲ್ಟರುಗಳನ್ನು ಟೆಕ್ಸ್ಟ್ ಫೈಲಾಗಿ ತೆಗೆದು ಇದರ ಕಾನ್ಫಿಗ್ ಫೋಲ್ಡರಿನಲ್ಲಿಟ್ಟು ಸೇರಿಸಬಹುದು, ಇಲ್ಲವೆ ಒಂದೊಂದಾಗಿ ಕೈಯಿಂದ ತುಂಬಬಹುದು. ಎಡಕ್ಕೂ ಬಲಕ್ಕೂ ಪಟ್ಟಿ ಬೇರೆಯಾದರೆ ಚಾನೆಲ್ ಆರಿಸಿ ಹಾಕಿ. ಲಿನಕ್ಸ್‌ನಲ್ಲಿ ಈಸಿ ಎಫೆಕ್ಟ್ಸ್ ಇದೇ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪ್ ಸದಾ ಕಟ್ಟಿಹಾಕುವುದು ಬೇಡವಾದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಕ್ಯಾಮಿಲ್ಲಾ ಡಿಎಸ್‌ಪಿ ಎಂಬ ತಂತ್ರಾಂಶ ಓಡಿಸಿ. ಫಿಲ್ಟರಿನ ಅಂಕಿಗಳು ಅವೇ, ಆದರೆ ಕರೆಂಟ್ ಹೋಗಿ ಬಂದು ಮಾಡುವ ಊರಿನಲ್ಲಿ ಅದರ ಮೆಮೊರಿ ಕಾರ್ಡ್ ಕೆಡುವುದುಂಟು. ಪೈಗೆ ಯುಪಿಎಸ್ ಕೊಡಿ, ಕಾರ್ಡಿನ ನಕಲೊಂದನ್ನು ತೆಗೆದಿಡಿ.

ಮೈಕು ಇಲ್ಲದಿದ್ದರೆ

ಕೈಯಲ್ಲಿ ದುಡ್ಡಿಲ್ಲವೆಂದು ನಿಲ್ಲಬೇಕಿಲ್ಲ. ಟೋನ್ ಜನರೇಟರ್ ಆ್ಯಪಿನಿಂದ ಸ್ಪೀಕರಿನಲ್ಲಿ 40 ಹರ್ಟ್ಸ್‌ನ ಸಣ್ಣ ದನಿ ಹಚ್ಚಿ, ಕುರ್ಚಿಯಲ್ಲಿ ಅಲ್ಲಾಡದೆ ಕುಳಿತು ಒಂದೊಂದೇ ಹರ್ಟ್ಸ್ ಏರಿಸುತ್ತ 200ರವರೆಗೆ ಹೋಗಿ. ದನಿ ಮೆಲ್ಲಗೆ ಏರುತ್ತ ಹೋಗುವುದು ಕಿವಿಯ ಸ್ವಭಾವ, ಅದನ್ನು ಬಿಡಿ. ಎಲ್ಲಿ ಇದ್ದಕ್ಕಿದ್ದಂತೆ ಕೋಣೆಯೇ ತುಂಬಿಕೊಂಡು ಮತ್ತೆರಡು ಮೂರು ಹರ್ಟ್ಸ್‌ಗೆ ಇಳಿಯುತ್ತದೋ ಆ ಅಂಕಿ ಬರೆದುಕೊಳ್ಳಿ. ಮೊದಲು ಟೇಪು ಹಿಡಿದು ತೆಗೆದ ಲೆಕ್ಕದ ಪಕ್ಕ ಇಟ್ಟರೆ ಎರಡು ಮೂರಾದರೂ ಹೊಂದುತ್ತವೆ. ಅಲ್ಲಿಗೆ ಮೈನಸ್ 6, ಕ್ಯೂ 5 ಹಾಕಿ ಮತ್ತೆ ಅದೇ ದನಿ ಹಚ್ಚಿ. ಇನ್ನೂ ಉಬ್ಬಿದ್ದರೆ ಮೈನಸ್ 8. ಪಕ್ಕದ ದನಿಗಿಂತ ಕೆಳಗೆ ಹೋದರೆ ಮೈನಸ್ 4. ಈ ಕೈಗೆಲಸ ಮೈಕಿನಷ್ಟು ಖಚಿತವಲ್ಲ, ಆದರೂ ದೊಡ್ಡ ಉಬ್ಬು ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಕಿವಿಯಿಂದ ಒಪ್ಪಿಗೆ

ಫಿಲ್ಟರ್ ಹಾಕಿ ತೆಗೆದು ಹೋಲಿಸುವಾಗ ಒಂದು ಮೋಸವಿದೆ. ಕತ್ತರಿಸಿದ ಮೇಲೆ ಒಟ್ಟು ದನಿ ತುಸು ಕಡಿಮೆಯಾಗುತ್ತದೆ, ಕಿವಿಗೆ ಜೋರಾದದ್ದೇ ಚಂದ. ಆದ್ದರಿಂದ ಫಿಲ್ಟರ್ ಇಲ್ಲದ ಸೆಟ್ಟಿಂಗಿಗೆ ಪ್ರಿಆಂಪ್ (ತಂತ್ರಾಂಶದಲ್ಲಿನ ಒಟ್ಟು ದನಿಯ ಮಟ್ಟ) ಮೈನಸ್ 2 ಅಥವಾ 3 ಡೆಸಿಬಲ್ ಕೊಟ್ಟು ಎರಡನ್ನೂ ಸಮ ಮಾಡಿಕೊಂಡು ಕೇಳಿ. ವಿಲಂಬಿತ ಖ್ಯಾಲ್ ಹಚ್ಚುವುದು ಒಳ್ಳೆಯದು, ತಬಲಾ ನಿಧಾನವಾಗಿರುವುದರಿಂದ ಡಗ್ಗಾದ ಪ್ರತಿ ಪೆಟ್ಟು ಎಲ್ಲಿ ಮುಗಿಯಿತು ಎಂದು ತಿಳಿಯುತ್ತದೆ. ಗಂಗೂಬಾಯಿ ಹಾನಗಲ್ಲರ ಗಂಭೀರ ದನಿ 150ರಿಂದ 250ರ ನಡುವಿನ ಉಬ್ಬನ್ನು ಕೂಡಲೇ ಬಯಲು ಮಾಡುತ್ತದೆ, ಕೆಲವು ಸ್ವರ ಮಾತ್ರ ಎದೆಗೆ ಬಡಿದಂತೆ ದಪ್ಪವಾದರೆ ಅಲ್ಲಿ ಕೆಲಸ ಬಾಕಿ ಇದೆ ಎಂದರ್ಥ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಯಲ್ಲಿ ತಾನುಗಳ ಹಿಂದೆ ತಂಬೂರಿ ಬಿಡದೆ ಕೇಳಿಸುತ್ತದೆಯೇ ನೋಡಿ. ಹಾಡು ಜೋರಾದಾಗ ತಂಬೂರಿ ಮಂಕಾದರೆ ಕೆಳದನಿ ಇನ್ನೂ ಅದನ್ನು ಮುಚ್ಚುತ್ತಿದೆ.

ಇಷ್ಟಾದ ಮೇಲೆ ಸದ್ದು ತೆಳುವಾಯಿತು ಅನ್ನಿಸುವುದು ಸಾಮಾನ್ಯ, ಇಷ್ಟು ದಿನ ಗುಮ್ಮನ್ನೇ ಬೇಸ್ ಎಂದು ಕಿವಿ ನಂಬಿರುತ್ತದೆ. ಎರಡು ದಿನ ಹಾಗೇ ಕೇಳಿ. ಆಮೇಲೂ ಕೊರತೆ ಎನಿಸಿದರೆ 100ರ ಕೆಳಗೆ ಲೋ ಶೆಲ್ಫ್‌ನಿಂದ (ಒಂದು ಅಂಕಿಯ ಕೆಳಗಿನ ದನಿಯನ್ನೆಲ್ಲ ಏರಿಸಿ ಇಳಿಸುವ ಫಿಲ್ಟರ್; ಹೈ ಶೆಲ್ಫ್ ಮೇಲಿನದಕ್ಕೆ) 3 ಡೆಸಿಬಲ್ ಏರಿಸಿ, ಪ್ರಿಆಂಪನ್ನು ಮೈನಸ್ 4ಕ್ಕೆ ಇಳಿಸಿ. ಏರಿಸಿದ್ದಕ್ಕಿಂತ ಪ್ರಿಆಂಪ್ ಹೆಚ್ಚು ಇಳಿಯಬೇಕು, ಇಲ್ಲದಿದ್ದರೆ ಜೋರಾದ ಸಿನಿಮಾ ಹಾಡಿನಲ್ಲಿ ಅಂಕಿಗಳು ತುದಿ ಮುಟ್ಟಿ ದನಿ ಒಡೆಯುತ್ತದೆ. ಬರಿ ಗೋಡೆಯ ಮನೆಯಲ್ಲಿ 5,000ದ ಮೇಲೆ ಹೈ ಶೆಲ್ಫ್ ಮೈನಸ್ 2 ಹಿತವಾಗಿರುತ್ತದೆ. ಅದಕ್ಕಿಂತ ಇಳಿಸಿದರೆ ಜವಾರಿ ಸಾಯುತ್ತದೆ.

ಹಳೆಯ ಕ್ಯಾಸೆಟ್ಟುಗಳು

ಧಾರವಾಡ ಆಕಾಶವಾಣಿಯ ಸಂಗೀತವನ್ನು ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡವರು ಈ ಭಾಗದಲ್ಲಿ ಬಹಳ. ಮೀಡಿಯಂ ವೇವ್‌ನಲ್ಲಿ 5,000 ಹರ್ಟ್ಸ್‌ನ ಮೇಲೆ ಸಂಗೀತ ಹೆಚ್ಚುಕಡಿಮೆ ಇಲ್ಲ, ಅಲ್ಲಿ ಟ್ರೆಬಲ್ ಏರಿಸಿದರೆ ಸಿಗುವುದು ಸುಂಯ್ ಸದ್ದು ಮಾತ್ರ. ಮೇಲುದನಿ ಮಂಕಾಗಿದ್ದರೆ ಮೊದಲು ಡೆಕ್ಕಿನ ಹೆಡ್ ಒರಸಿ, ಅದರ ಪಕ್ಕದ ಅಜಿಮತ್ ಸ್ಕ್ರೂವನ್ನು (ಹೆಡ್ಡಿನ ಓರೆ ಸರಿಪಡಿಸುವ ಸ್ಕ್ರೂ) ಮೊನೋದಲ್ಲಿ ಕೇಳುತ್ತ ಕೂದಲೆಳೆಯಷ್ಟು ತಿರುಗಿಸಿ ಅತಿ ಹೊಳಪಾಗಿ ಕೇಳುವಲ್ಲಿ ನಿಲ್ಲಿಸಿ. ಇಲ್ಲಿ ಕಳೆದದ್ದನ್ನು ಆಮೇಲೆ ಯಾವ ಫಿಲ್ಟರೂ ತಂದುಕೊಡದು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ, ಅತಿ ಜೋರಾದ ಜಾಗವೂ ಮೈನಸ್ 6 ಡೆಸಿಬಲ್ ದಾಟದಂತೆ ದಾಖಲಿಸಿ. ಕರೆಂಟಿನ ಗುಂಯ್ ಇದ್ದರೆ 50 ಮತ್ತು 100 ಹರ್ಟ್ಸ್‌ಗೆ ಕ್ಯೂ 20ರಿಂದ 30ರ ನಾಚ್, ಅಂದರೆ ಒಂದೇ ದನಿಯನ್ನು ಕತ್ತರಿಸುವ ಫಿಲ್ಟರ್, ಹಾಕಿ. ಇಲ್ಲಿ ಸೂಜಿಯಂಥ ಫಿಲ್ಟರೇ ಬೇಕು, ಈ ಗುಂಯ್ ಬಿಸಿಲಿಗೆ ಸರಿಯುವುದಿಲ್ಲ. ಟೇಪು ತುಸು ವೇಗ ತಪ್ಪಿದ್ದರೆ ಮಾತ್ರ 49 ಅಥವಾ 51ರಲ್ಲಿ ಹುಡುಕಬೇಕಾದೀತು.

ದನಿ ತಿದ್ದುವ ತಂತ್ರಾಂಶ ಆಡಾಸಿಟಿಯ ನಾಯ್ಸ್ ರಿಡಕ್ಷನ್ (ಗದ್ದಲ ಇಳಿಸುವ ಸಲಕರಣೆ) ಬಳಸುವವರು ನಮ್ಮ ಸಂಗೀತದಲ್ಲೇ ಬೀಳುವ ಹಳ್ಳ ಒಂದಿದೆ. ಗದ್ದಲದ ಮಾದರಿಗೆಂದು ಹಾಡು ಶುರುವಾಗುವ ಮುಂಚಿನ ಒಂದೆರಡು ಸೆಕೆಂಡು ಆರಿಸುತ್ತಾರೆ, ಅಲ್ಲಿ ಆಗಲೇ ತಂಬೂರಿ ನುಡಿಯುತ್ತಿರುತ್ತದೆ. ತಂತ್ರಾಂಶಕ್ಕೆ ಒಂದೇ ಸಮನೆ ಬರುವ ಸದ್ದೆಲ್ಲ ಗದ್ದಲವೇ. ಹಾಡು ಪೂರ್ತಿ ತಂಬೂರಿಯನ್ನು ಒರೆಸಿ ಹಾಕಿಬಿಡುತ್ತದೆ, ಉಳಿದ ದನಿ ನೀರೊಳಗಿನಿಂದ ಬಂದಂತೆ ಕೇಳುತ್ತದೆ. ಮಾದರಿಯನ್ನು ತಂಬೂರಿ ಇಲ್ಲದ ಜಾಗದಿಂದಲೇ ತೆಗೆಯಿರಿ, ನಿರೂಪಕರ ಮಾತಿನ ನಡುವಿನ ಬಿಡುವಾದರೂ ಸರಿ. 6 ಡೆಸಿಬಲ್‌ಗಿಂತ ಹೆಚ್ಚು ಇಳಿಸಬೇಡಿ.

ಏನು ಕೈಕೊಡುತ್ತದೆ

ಲ್ಯಾಪ್‌ಟಾಪಿನ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರ್ ಗುಂಯ್ ಎಂದರೆ ಅದು ಅರ್ತಿಂಗಿನ ಸುತ್ತು. ಚಾರ್ಜರನ್ನೂ ಆಂಪ್ಲಿಫೈಯರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಕೊಟ್ಟು ನೋಡಿ, ಹೋಗದಿದ್ದರೆ ಆಡಿಯೋ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಪ್ಲಗ್ಗಿನ ದಪ್ಪ ಪಿನ್ ಕತ್ತರಿಸುವ ಉಪಾಯ ಹೇಳುವವರ ಮಾತು ಕೇಳಬೇಡಿ, ಶಾಕ್ ಹೊಡೆದೀತು. ಇನ್ವರ್ಟರ್ ಮೇಲಿದ್ದಾಗ ಮಾತ್ರ ಗೊರಗೊರ ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೊಡುಗೆ.

ಫಿಲ್ಟರ್ ಹಾಕಿದರೂ ಏನೂ ಬದಲಾಗದಿದ್ದರೆ ಪ್ರಿಆಂಪನ್ನು ಮೈನಸ್ 30ಕ್ಕೆ ಇಳಿಸಿ. ದನಿ ಕುಗ್ಗದಿದ್ದರೆ ಹಾಡು ಈಕ್ವಲೈಜರ್ ಎಪಿಒ ದಾರಿಯಲ್ಲಿ ಹೋಗುತ್ತಲೇ ಇಲ್ಲ. ಪ್ಲೇಯರ್ ವಿಂಡೋಸ್‌ನ ಸಾಮಾನ್ಯ ದಾರಿ ಬಿಟ್ಟು ಹೋಗುವ ವಾಸಾಪಿ ಎಕ್ಸ್‌ಕ್ಲೂಸಿವ್ ಅಥವಾ ಎಎಸ್‌ಐಒದಲ್ಲಿದ್ದರೆ ಹಾಗಾಗುತ್ತದೆ, ಅದನ್ನು ಸಾಮಾನ್ಯ ಔಟ್‌ಪುಟ್‌ಗೆ ಬದಲಿಸಿ. ನಿನ್ನೆವರೆಗೆ ಸರಿಯಿದ್ದು ಇಂದು ಗುಮ್ಮು ಮರಳಿದ್ದರೆ ವಿಂಡೋಸ್ ಅಪ್‌ಡೇಟಿನೊಂದಿಗೆ ಸೌಂಡ್ ಡ್ರೈವರ್ ಬದಲಾಗಿರಬೇಕು. ಡಿವೈಸ್ ಆರಿಸುವ ಕಿಟಕಿ ತೆರೆದು ಮತ್ತೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ಅದೂ ಅಲ್ಲವೆಂದರೆ ಹಾಲ್‌ನಲ್ಲಿ ಯಾರು ಏನು ಸರಿಸಿದ್ದಾರೆ ನೋಡಿ. ಹಬ್ಬಕ್ಕೆ ಸ್ವಚ್ಛ ಮಾಡುವಾಗ ಸ್ಪೀಕರನ್ನು ಮೂಲೆಗೆ ತಳ್ಳಿದ್ದರೆ ಸಾಕು, ಹಳೆಯ ಅಳತೆ ಉಪಯೋಗಕ್ಕೆ ಬಾರದು. ನೆಲದ ಮೇಲೆ ಸ್ಪೀಕರಿನ ನಾಲ್ಕು ಮೂಲೆಗೂ ಟೇಪಿನ ತುಂಡು ಅಂಟಿಸಿಡಿ.